ಮೊದಲ ಹಾಳೆಯೂ ಇಲ್ಲ, ಕೊನೆಯದೂ ಇಲ್ಲ: 15ನೇ ಶತಮಾನದ ಅಚ್ಚಿನ ಪುಸ್ತಕ ಗುರುತಿಸಲು ಯಾವ ಪರಾಮರ್ಶನ ಗ್ರಂಥ?

ಪ್ರಶ್ನೆ: ಲ್ಯಾಟಿನ್ ಭಾಷೆಯ ಹಳೆಯ ಅಚ್ಚಿನ ಪುಸ್ತಕವೊಂದನ್ನು ಗ್ರಂಥಾಲಯದ ಸೂಚಿಗೆ ಸೇರಿಸಬೇಕಾಗಿದೆ. ಮೊದಲ ಹಾಳೆ, ಕೊನೆಯ ಹಾಳೆ ಎರಡೂ ಇಲ್ಲ. ಊರು, ಮುದ್ರಕ, ವರ್ಷ ಯಾವುದೂ ತಿಳಿಯುತ್ತಿಲ್ಲ. 1500ಕ್ಕಿಂತ ಹಿಂದಿನದಿರಬಹುದು ಎಂಬ ಊಹೆ ಇದೆ. ರಟ್ಟಿನ ಒಳಬದಿಗೆ ಯಾವುದೋ ಹಸ್ತಪ್ರತಿಯ ತುಂಡು ಅಂಟಿಸಿದ್ದಾರೆ. ಇಂಥ ಪುಸ್ತಕಗಳ ವಿವರಣೆಯಲ್ಲಿ ‘ಎಚ್‌ಸಿ 5501*, ಜಿಡಬ್ಲ್ಯು 7223, ಬಿಎಂಸಿ 5, 561, ಗಾಫ್ ಸಿ-767’ ಎಂಬಂಥ ಸಾಲುಗಳು ಕಾಣುತ್ತವೆ. ಇವು ಯಾವ ಗ್ರಂಥಗಳು? ಎಲ್ಲವೂ ಆನ್‌ಲೈನ್‌ನಲ್ಲಿ ಸಿಗುವಾಗ ಅಚ್ಚಿನ ಸಂಪುಟಗಳ ಅಗತ್ಯ ಇದೆಯೇ? ಯಾವುದರಿಂದ ಶುರು ಮಾಡಬೇಕು?

ಉತ್ತರ: ಶುರು ಮಾಡಬೇಕಾದದ್ದು ಸ್ಕೇಲು ಮತ್ತು ಪೆನ್ಸಿಲ್‌ನಿಂದ. ಈ ಕ್ಷೇತ್ರದ ಒಂದೊಂದು ಗ್ರಂಥಸೂಚಿಯೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡಲೆಂದು ಹುಟ್ಟಿದೆ. ಒಂದು ‘ಈ ಕೃತಿ ಎಷ್ಟು ಸಲ ಅಚ್ಚಾಯಿತು’ ಎನ್ನುತ್ತದೆ, ಇನ್ನೊಂದು ‘ಈ ಅಚ್ಚುಮೊಳೆ ಯಾರದು’ ಎನ್ನುತ್ತದೆ, ಮತ್ತೊಂದು ‘ಈಗ ಯಾವ ಗ್ರಂಥಾಲಯದಲ್ಲಿದೆ’ ಎಂದಷ್ಟೇ ಹೇಳುತ್ತದೆ. ನಿಮ್ಮ ಕೈಯಲ್ಲಿ ಅಳತೆ ಇಲ್ಲದಿದ್ದರೆ ಯಾವುದನ್ನು ತೆರೆದರೂ ಹತ್ತಿರಹತ್ತಿರ ಹೋಲುವ ಒಂದು ನಮೂದು ಸಿಕ್ಕೇ ಸಿಗುತ್ತದೆ, ತಪ್ಪಾಗುವುದು ಅಲ್ಲೇ.

ಮೊದಲು ನೀವು ಕೊಟ್ಟ ಸಾಲನ್ನೇ ಬಿಡಿಸೋಣ. ಅದು 1499ರ ಡಿಸೆಂಬರ್‌ನಲ್ಲಿ ವೆನಿಸ್‌ನಲ್ಲಿ ಆಲ್ಡಸ್ ಮನುಷಿಯಸ್ ಅಚ್ಚು ಹಾಕಿದ ‘ಹಿಪ್ನೆರೊಟೊಮಾಕಿಯ ಪೊಲಿಫಿಲಿ’ ಎಂಬ ಸಚಿತ್ರ ಗ್ರಂಥದ್ದು. ‘ಎಚ್’ ಎಂದರೆ ಲುಡ್ವಿಗ್ ಹೈನ್. 1826ರಿಂದ 1838ರವರೆಗೆ ಬಂದ ಅವರ ‘ರೆಪರ್ಟೋರಿಯಂ ಬಿಬ್ಲಿಯೋಗ್ರಾಫಿಕಂ’ 16,000ಕ್ಕೂ ಹೆಚ್ಚು ಮುದ್ರಣಗಳನ್ನು ಲೇಖಕರ ಹೆಸರಿನ ಅಕಾರಾದಿಯಲ್ಲಿ ಪಟ್ಟಿ ಮಾಡುತ್ತದೆ. ನಕ್ಷತ್ರದ ಗುರುತಿದ್ದರೆ ಹೈನ್ ಆ ಪುಸ್ತಕವನ್ನು ಕಣ್ಣಾರೆ ನೋಡಿ ವಿವರಿಸಿದ್ದಾರೆ ಎಂದರ್ಥ. ನಕ್ಷತ್ರ ಇಲ್ಲದ ನಮೂದುಗಳು ಬೇರೆ ಪಟ್ಟಿಗಳಿಂದ ಬಂದವು. ಅವುಗಳಲ್ಲಿ ಕೆಲವು ಎಂದೂ ಅಚ್ಚೇ ಆಗದ ಪುಸ್ತಕಗಳು.

‘ಸಿ’ ಎಂದರೆ ಕಾಪಿಂಗರ್, 1895ರಿಂದ 1902ರವರೆಗೆ ಬಂದ ಪೂರಕ ಸಂಪುಟಗಳು. ಇದರ ಮೊದಲ ಭಾಗ ಹೈನ್‌ನ ವಿವರಗಳಿಗೆ ಸುಮಾರು 7,000 ತಿದ್ದುಪಡಿ ಕೊಡುತ್ತದೆ. ಎರಡನೆಯ ಭಾಗ ಹೈನ್‌ನಲ್ಲಿ ಇಲ್ಲದ ಸುಮಾರು 6,000 ಪುಸ್ತಕಗಳನ್ನು ಹೊಸ ಸಂಖ್ಯೆ ಹಾಕಿ ಪಟ್ಟಿ ಮಾಡುತ್ತದೆ. ಆದ್ದರಿಂದ ‘ಎಚ್‌ಸಿ 5501’ ಬೇರೆ, ಬರೀ ‘ಸಿ 5501’ ಬೇರೆ. ಮೊದಲನೆಯದು ಹೈನ್‌ನ ಸಂಖ್ಯೆ, ಕಾಪಿಂಗರ್ ತಿದ್ದಿದ್ದು. ಎರಡನೆಯದು ಸಂಬಂಧವೇ ಇಲ್ಲದ ಇನ್ನೊಂದು ಪುಸ್ತಕ. ಹಳೆಯ ಸೂಚಿಗಳನ್ನು ನಕಲು ಮಾಡುವಾಗ ಒಂದು ‘ಎಚ್’ ಬಿಟ್ಟುಹೋದರೆ ಸಾಕು, ಪುಸ್ತಕವೇ ಬದಲಾಗುತ್ತದೆ. ರೈಕ್ಲಿಂಗ್ 1905ರಿಂದ ಇನ್ನಷ್ಟು ಸೇರಿಸಿದರು. ಮಾರಾಟದ ಪಟ್ಟಿಗಳಲ್ಲಿ ‘ಹೈನ್‌ಗೂ ಗೊತ್ತಿಲ್ಲದ್ದು’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಇಷ್ಟೆಲ್ಲ ಪೂರಕಗಳು ಬಂದ ಮೇಲೆ ಆ ಮಾತಿಗೆ ಬೆಲೆ ಇಲ್ಲ.

ಬಿಎಂಸಿ ಎಂದರೆ ಬ್ರಿಟಿಷ್ ಮ್ಯೂಸಿಯಂನ 15ನೇ ಶತಮಾನದ ಪುಸ್ತಕಗಳ ಸೂಚಿ. 1908ರಲ್ಲಿ ಶುರುವಾಗಿ, ಇಂಗ್ಲೆಂಡಿನ ಮುದ್ರಣಗಳ ಸಂಪುಟ 2007ರಲ್ಲಿ ಬಂತು. ‘5, 561’ ಎಂದರೆ ಐದನೆಯ ಸಂಪುಟ, 561ನೆಯ ಪುಟ. ಅದು ಪುಸ್ತಕದ ಸಂಖ್ಯೆ ಅಲ್ಲ. ಐದನೆಯ ಸಂಪುಟ ಪೂರ್ತಿ ವೆನಿಸ್. ಇದರ ಜೋಡಣೆ ದೇಶ, ಊರು, ಮುದ್ರಣಾಲಯ, ಕಾಲ ಎಂಬ ಕ್ರಮದಲ್ಲಿದೆ. 1898ರಲ್ಲಿ ರಾಬರ್ಟ್ ಪ್ರಾಕ್ಟರ್ ಹಾಕಿಕೊಟ್ಟ ಕ್ರಮ ಅದು. ಲೇಖಕರ ಹೆಸರು ಹಿಡಿದು ಹುಡುಕಿದರೆ ಇಲ್ಲಿ ದಾರಿ ತಪ್ಪುತ್ತದೆ. ಒಬ್ಬ ಮುದ್ರಕನ ಎಲ್ಲ ಪುಸ್ತಕಗಳನ್ನೂ ಅವನ ಅಚ್ಚುಮೊಳೆಗಳ ವಿವರವನ್ನೂ ಒಂದೇ ಕಡೆ ನೋಡಬೇಕಾದಾಗ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಗಾಫ್ ಎಂದರೆ 1964ರಲ್ಲಿ ಫ್ರೆಡೆರಿಕ್ ಗಾಫ್ ಹೊರತಂದ, ಅಮೆರಿಕದ ಗ್ರಂಥಾಲಯಗಳಲ್ಲಿರುವ ಇಂಥ ಪುಸ್ತಕಗಳ ಮೂರನೆಯ ಗಣತಿ. ‘ಸಿ-767’ರಲ್ಲಿನ ಸಿ, ಲೇಖಕ ಫ್ರಾನ್ಚೆಸ್ಕೊ ಕೊಲೊನ್ನನದು. ಪುಸ್ತಕದಲ್ಲಿ ಅವನ ಹೆಸರು ಎಲ್ಲೂ ನೇರವಾಗಿ ಇಲ್ಲ. 38 ಅಧ್ಯಾಯಗಳ ಮೊದಲ ಅಕ್ಷರಗಳನ್ನು ಜೋಡಿಸಿದರೆ ‘ಸಹೋದರ ಫ್ರಾನ್ಸಿಸ್ಕಸ್ ಕೊಲುಮ್ನ ಪೋಲಿಯಾಳನ್ನು ಬಹಳ ಪ್ರೀತಿಸಿದ’ ಎಂಬರ್ಥದ ಲ್ಯಾಟಿನ್ ವಾಕ್ಯ ಬರುತ್ತದೆ. ಸೂಚಿಕಾರರು ಅದನ್ನು ಹಿಡಿದು ಅವನ ಹೆಸರಿನಡಿ ಇಟ್ಟಿದ್ದಾರೆ. ಮಧ್ಯಯುಗದ ಲೇಖಕರನ್ನು ಹುಡುಕುವಾಗಲೂ ಇದೇ ತೊಡಕು. ತೋಮಸ್ ಅಕ್ವಿನಸ್ ‘ತೋಮಸ್’ ಅಡಿ ಇರುತ್ತಾನೆ, ‘ಅಕ್ವಿನಸ್’ ಅಡಿ ಅಲ್ಲ.

ಗಾಫ್‌ನ ಈ ಸಂಖ್ಯೆಗಳೇ ಮುಂದೆ ಐಎಸ್‌ಟಿಸಿ ಎಂಬ ಅಂತರರಾಷ್ಟ್ರೀಯ ಸೂಚಿಯ ಸಂಖ್ಯೆಗಳಿಗೂ ಬುನಾದಿಯಾದವು. ಸಿ-767 ಅಲ್ಲಿ ‘ಐಸಿ 00767000’. ಬ್ರಿಟಿಷ್ ಲೈಬ್ರರಿ 1980ರಲ್ಲಿ ಶುರು ಮಾಡಿದ ಈ ದತ್ತಸಂಚಯದಲ್ಲಿ ಸುಮಾರು 30,000 ಮುದ್ರಣಗಳಿವೆ. ಯಾವ ಗ್ರಂಥಾಲಯಗಳಲ್ಲಿ ಪ್ರತಿಗಳಿವೆ, ಬೇರೆ ಸೂಚಿಗಳಲ್ಲಿ ಸಂಖ್ಯೆ ಏನು, ಡಿಜಿಟಲ್ ಪ್ರತಿ ಎಲ್ಲಿದೆ ಎಂಬುದನ್ನು ಇದು ಹೇಳುತ್ತದೆ. ಪುಸ್ತಕದ ವಿವರಣೆ ಇದರಲ್ಲಿ ಇಲ್ಲ. ಹಾಳೆಗಳ ಲೆಕ್ಕ, ಸಾಲು ಎಲ್ಲಿ ಮುರಿಯುತ್ತದೆ ಎಂಬ ವಿವರ ಬೇಕಿದ್ದರೆ ಜಿಡಬ್ಲ್ಯುಗೇ ಹೋಗಬೇಕು.

ಜಿಡಬ್ಲ್ಯು, ಅಂದರೆ ‘ಗೆಸಾಮ್ಟ್‌ಕಾಟಲೋಗ್ ಡೆರ್ ವೀಗೆನ್‌ಡ್ರುಕ್ಕೆ’, 15ನೇ ಶತಮಾನದ ಮುದ್ರಣಗಳ ಸಮಗ್ರ ಸೂಚಿ, ನನ್ನ ಮಟ್ಟಿಗೆ ಈ ಎಲ್ಲದರ ಹಿರಿಯಣ್ಣ. 1904ರಲ್ಲಿ ಸಮಿತಿ ಕೂಡಿತು, 1925ರಲ್ಲಿ ಮೊದಲ ಸಂಪುಟ ಬಂತು. ಯುದ್ಧದಿಂದ ಕೆಲಸ ದಶಕಗಳ ಕಾಲ ನಿಂತುಹೋಯಿತು. ಅಚ್ಚಿನಲ್ಲಿ ಅಕಾರಾದಿ ಎಚ್ ಅಕ್ಷರದವರೆಗಷ್ಟೇ ಬಂದಿದೆ. ಉಳಿದದ್ದು ಬರ್ಲಿನ್ನಿನ ಸ್ಟಾಟ್ಸ್‌ಬಿಬ್ಲಿಯೊಥೆಕ್ ನಡೆಸುವ ಆನ್‌ಲೈನ್ ದತ್ತಸಂಚಯದಲ್ಲಿದೆ. ಅಲ್ಲಿ ‘ಎಂ’ ಎಂದು ಶುರುವಾಗುವ ಸಂಖ್ಯೆ ಕಂಡರೆ ಜಾಗ್ರತೆ. ಅದು ಅಚ್ಚಿನ ಸಂಪುಟಕ್ಕೆ ಇನ್ನೂ ಬಾರದ ನಮೂದು, ಮೂಲ ಹಸ್ತಲಿಖಿತ ಟಿಪ್ಪಣಿಗಳಿಂದ ತೆಗೆದದ್ದು. 1493ರಲ್ಲಿ ಕೊಬರ್ಗರ್ ಅಚ್ಚು ಹಾಕಿದ ಲ್ಯಾಟಿನ್ ನ್ಯೂರೆಂಬರ್ಗ್ ಕ್ರಾನಿಕಲ್‌ನ ಸಂಖ್ಯೆ ಎಂ 40784. ಇಂಥ ಹೆಸರಾಂತ ಪುಸ್ತಕಗಳ ವಿವರ ಗಟ್ಟಿಯಾಗಿಯೇ ಇದೆ. ಹೆಸರಿಲ್ಲದ ಸಣ್ಣ ಪ್ರಾರ್ಥನಾ ಪುಸ್ತಕಗಳ ಎಂ-ನಮೂದುಗಳನ್ನು ಮಾತ್ರ ಕೊನೆಯ ಮಾತು ಎಂದುಕೊಳ್ಳಬೇಡಿ.

ಇನ್ನು ನಿಮ್ಮ ಪುಸ್ತಕಕ್ಕೆ ಬರೋಣ.

ಮೊದಲು ಕಾಗದ. ಒಂದು ಹಾಳೆಯನ್ನು ಬೆಳಕಿಗೆ ಹಿಡಿದರೆ ದೂರದೂರಕ್ಕೆ ಇರುವ ಗೆರೆಗಳು ಕಾಣುತ್ತವೆ. ಕಾಗದ ಎತ್ತುವ ಜಾಲರಿಯ ಅಡ್ಡಪಟ್ಟಿಗಳ ಮೇಲೆ ಬಿಗಿದ ಸರಿಗೆಯ ಗುರುತು ಅದು. ಗೆರೆ ಮೇಲಿಂದ ಕೆಳಕ್ಕಿದ್ದು, ನೀರುಗುರುತು (ಜಾಲರಿಗೆ ಬಿಗಿದ ಸರಿಗೆಯ ಚಿತ್ರ ಕಾಗದದಲ್ಲಿ ಮೂಡಿಸುವ ಛಾಯೆ) ಹಾಳೆಯ ನಡುಮಧ್ಯೆ ಬಂದಿದ್ದರೆ ಅದು ಫೋಲಿಯೊ, ಅಂದರೆ ಪೂರ್ಣ ಕಾಗದವನ್ನು ಒಮ್ಮೆ ಮಡಿಸಿದ್ದು. ಗೆರೆ ಅಡ್ಡವಿದ್ದು, ಗುರುತು ಬೆನ್ನಿನ ಮಡಿಕೆಯ ನಡುವೆ ಅರ್ಧಂಬರ್ಧ ಸಿಕ್ಕಿಕೊಂಡಿದ್ದರೆ ಕ್ವಾರ್ಟೊ, ಎರಡು ಸಲ ಮಡಿಸಿದ್ದು. ಗೆರೆ ಮತ್ತೆ ನೆಟ್ಟಗಾಗಿ, ಗುರುತು ಬೆನ್ನಿನ ಬಳಿ ಮೇಲ್ತುದಿಗೆ ಹೋಗಿದ್ದರೆ ಆಕ್ಟೇವೊ, ಮೂರು ಸಲ ಮಡಿಸಿದ್ದು. ಪುಸ್ತಕದ ಎತ್ತರ ನೋಡಿ ‘ಫೋಲಿಯೊ’ ಎಂದು ಬರೆಯಬೇಡಿ. ದೊಡ್ಡ ಕಾಗದದ ಕ್ವಾರ್ಟೊ, ಸಣ್ಣ ಕಾಗದದ ಫೋಲಿಯೊಗಿಂತ ಎತ್ತರವಿರಬಹುದು.

ಆಮೇಲೆ ಫಾರಂಗಳ ಲೆಕ್ಕ, ಅಂದರೆ ಒಂದರೊಳಗೊಂದು ಮಡಿಸಿ ಒಟ್ಟಿಗೆ ಹೊಲಿದ ಹಾಳೆಗಳ ಕಟ್ಟುಗಳದ್ದು. ಹಾಳೆಯ ಅಡಿಯಲ್ಲಿ ಎ1, ಎ2 ಎಂಬಂಥ ಗುರುತು ಅಚ್ಚಾಗಿದೆಯೇ ನೋಡಿ. ಸಾಮಾನ್ಯವಾಗಿ ಫಾರಂನ ಮೊದಲರ್ಧಕ್ಕಷ್ಟೇ ಗುರುತಿರುತ್ತದೆ, ಎಂಟು ಹಾಳೆಯ ಫಾರಂ ಆದರೆ ನಾಲ್ಕಕ್ಕೆ. ಅಕ್ಷರಗಳು 23, ಏಕೆಂದರೆ ಐ-ಜೆ ಒಂದೇ, ಯು-ವಿ ಒಂದೇ, ಡಬ್ಲ್ಯು ಇಲ್ಲ. ಇದನ್ನು ಮರೆತು 26 ಎಂದು ಲೆಕ್ಕ ಹಾಕಿ ‘ಮೂರು ಫಾರಂ ಕಾಣೆ’ ಎಂದು ಬರೆದ ಸೂಚಿಗಳು ಉಂಟು. ಹಿಪ್ನೆರೊಟೊಮಾಕಿಯದ ಲೆಕ್ಕ ಹೀಗಿದೆ: ಗುರುತಿಲ್ಲದ ಆರಂಭದ 4 ಹಾಳೆ. ಸಣ್ಣಕ್ಷರದ ಎ ಯಿಂದ ವೈ ವರೆಗೆ 22 ಫಾರಂ, ತಲಾ 8, ಒಟ್ಟು 176. ಸಣ್ಣ ಝಡ್‌ಗೆ 10. ದೊಡ್ಡಕ್ಷರದ ಎ ಯಿಂದ ಇ ವರೆಗೆ ತಲಾ 8, ಒಟ್ಟು 40. ದೊಡ್ಡ ಎಫ್‌ಗೆ 4. ಎಲ್ಲ ಕೂಡಿಸಿದರೆ 234. ಪ್ರತಿಯಲ್ಲಿ 233 ಇದ್ದರೆ ಯಾವ ಫಾರಂನಲ್ಲಿ ಯಾವ ಹಾಳೆ ಹೋಗಿದೆ ಎಂದು ಬೆರಳಿಟ್ಟು ತೋರಿಸಬಹುದು. ನಿಮ್ಮ ಪುಸ್ತಕಕ್ಕೂ ಇಂಥದ್ದೊಂದು ಲೆಕ್ಕ ಬರೆದು, ಕಳೆದುಹೋದ ಜಾಗಗಳನ್ನು ಗುರುತಿಸಿ ಇಟ್ಟುಕೊಳ್ಳಿ. ಕಳೆದ ಮೊದಲ ಹಾಳೆ ಬರೀ ಖಾಲಿ ಹಾಳೆಯೂ ಆಗಿರಬಹುದು. ಜಿಡಬ್ಲ್ಯು ಸಿಕ್ಕಮೇಲೆ ಅದು ಗೊತ್ತಾಗುತ್ತದೆ.

ಎ1, ಎ2 ಎಂಬಂಥ ಗುರುತುಗಳೇ ಇಲ್ಲದಿದ್ದರೆ ಹೊಲಿಗೆಯ ದಾರ ಕಾಣುವ ಜಾಗದಿಂದ ಫಾರಂನ ನಡು ಹಿಡಿಯಬೇಕು. ಫೋಲಿಯೊ ಆಗಿದ್ದರೆ ನೀರುಗುರುತೇ ಸಾಕ್ಷಿ ಹೇಳುತ್ತದೆ. ಎಂಟು ಹಾಳೆಯ ಫಾರಂನಲ್ಲಿ 1-8, 2-7, 3-6, 4-5 ಒಂದೇ ಕಾಗದದ ಎರಡು ಅರ್ಧಗಳು, ಗುರುತು ಒಂದು ಅರ್ಧದಲ್ಲಿ ಮಾತ್ರ ಇರಬೇಕು. 3ರಲ್ಲೂ 6ರಲ್ಲೂ ಗುರುತು ಇದ್ದರೆ, ಅಥವಾ ಎರಡರಲ್ಲೂ ಇಲ್ಲದಿದ್ದರೆ, ಒಂದು ಹಾಳೆ ಹೊರಗಿನಿಂದ ಬಂದಿದೆ. ಹುಳು ಕೊರೆದ ತೂತು 40ನೆಯ ಹಾಳೆಯವರೆಗೆ ಬಂದು, 41ರಲ್ಲಿ ಮಾಯವಾಗಿ, 42ರಲ್ಲಿ ಮತ್ತೆ ಕಂಡರೂ ಅದೇ ಅನುಮಾನ. ಎರಡು ಅಪೂರ್ಣ ಪ್ರತಿ ಸೇರಿಸಿ ಒಂದು ‘ಪೂರ್ಣ’ ಪ್ರತಿ ಮಾಡುವುದು ಹಳೆಯ ವ್ಯಾಪಾರಿಗಳಿಗೆ ಮಾಮೂಲಿ ಕೆಲಸವಾಗಿತ್ತು.

ಮೂರನೆಯದು ಅಚ್ಚುಮೊಳೆ. ಕೊನೆಯ ಹಾಳೆ ಇಲ್ಲದ ಪುಸ್ತಕಕ್ಕೆ ಇದೇ ಮುಖ್ಯ ಕೀಲಿ. 20 ಸಾಲಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯಬೇಕು. ಮೊದಲ ಸಾಲಿನ ಅಕ್ಷರದ ಬುಡದಿಂದ 21ನೆಯ ಸಾಲಿನ ಬುಡದವರೆಗೆ, ಹಾಗಾದರೇ 20 ಸಾಲಿನ ಅಂತರ. 20ನೆಯ ಸಾಲಿನ ಬುಡಕ್ಕೇ ನಿಲ್ಲಿಸಿದರೆ ನೀವು ಅಳೆದದ್ದು 19 ಮಾತ್ರ. ವೆನಿಸ್‌ನ ನಿಕೊಲಾಸ್ ಜೆನ್ಸನ್‌ನ ಹೆಸರಾಂತ ರೋಮನ್ (ಇಂದಿನ ಪುಸ್ತಕಗಳಲ್ಲಿರುವಂಥ ದುಂಡಕ್ಷರದ) ಮೊಳೆಯ ಅಳತೆ 115. ಈ ತಪ್ಪು ಮಾಡಿದರೆ ಅದೇ ಮೊಳೆ 109 ಎಂದು ಬರುತ್ತದೆ, ಹುಡುಕಾಟ ಪೂರ್ತಿ ಬೇರೆ ಮುದ್ರಕರ ಕಡೆ ಹೊರಳುತ್ತದೆ. ಒದ್ದೆ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು, ಒಣಗಿದಾಗ ಅದು ಕುಗ್ಗುತ್ತದೆ. ಹಾಗಾಗಿ ಒಂದೆರಡು ಮಿಲಿಮೀಟರ್ ಆಚೀಚೆ ಸಹಜ. ಅಳತೆಯನ್ನು ಬೇರೆಬೇರೆ ಫಾರಂಗಳ ನಾಲ್ಕೈದು ಪುಟಗಳಲ್ಲಿ ತೆಗೆದುಕೊಳ್ಳಿ. ಗುಟೆನ್‌ಬರ್ಗ್ ಬೈಬಲ್‌ನಲ್ಲಿ ಆರಂಭದ ಕೆಲವು ಪುಟಗಳಿಗೆ 40 ಸಾಲು, ಒಂದು ಪುಟಕ್ಕೆ 41, ಆಮೇಲೆ 42. ಅಂಕಣದ ಎತ್ತರ ಹೆಚ್ಚುಕಡಿಮೆ ಅಷ್ಟೇ ಇದೆ, ಸಾಲಿನ ಎತ್ತರ ಇಳಿದಿದೆ. ಮೊದಲ ಪುಟ ಒಂದನ್ನೇ ಅಳೆದವರಿಗೆ ಪುಸ್ತಕದ ನಿಜವಾದ ಅಳತೆ, 140, ಸಿಗುವುದಿಲ್ಲ. ಹತ್ತು ಸಾಲು ಅಳೆದು ಇಮ್ಮಡಿ ಮಾಡುವುದೂ ಬೇಡ, ತಪ್ಪೂ ಇಮ್ಮಡಿಯಾಗುತ್ತದೆ.

ಅಳತೆಯ ಜೊತೆಗೆ ದೊಡ್ಡಕ್ಷರದ ‘ಎಂ’ ಆಕಾರ ನೋಡಿ. ಕೊನ್ರಾಡ್ ಹೇಬ್ಲರ್ 1905ರಿಂದ 1924ರವರೆಗೆ ಪ್ರಕಟಿಸಿದ ‘ಟೀಪೆನ್‌ರೆಪರ್ಟೋರಿಯುಂ’ ಎಂಬ ಮೊಳೆಗಳ ಸೂಚಿ ಗಾಥಿಕ್ (ಕೋನಕೋನವಾದ ದಪ್ಪಕ್ಷರದ) ಮೊಳೆಗಳನ್ನು ಎಂ ಆಕಾರದ ಮೇಲೆ, ರೋಮನ್ ಮೊಳೆಗಳನ್ನು ಕ್ಯು-ಯು ಜೋಡಿಯ ಆಕಾರದ ಮೇಲೆ ವಿಂಗಡಿಸುತ್ತದೆ. ಆಕಾರ ಮತ್ತು ಅಳತೆ ಎರಡೂ ಕೂಡಿದರೆ ನೂರಾರು ಮುದ್ರಕರಲ್ಲಿ ಬೆರಳೆಣಿಕೆಯ ಹೆಸರು ಉಳಿಯುತ್ತದೆ. ಇದರ ಆನ್‌ಲೈನ್ ರೂಪವೂ ಬರ್ಲಿನ್ನಿನಲ್ಲೇ ಇದೆ, ಹುಡುಕಾಟಕ್ಕೆ ಅದೇ ಸುಲಭ. ಆಮೇಲೆ ಬಿಎಂಸಿಯ ಚಿತ್ರಫಲಕಗಳಲ್ಲಿ ಉಳಿದ ಅಕ್ಷರಗಳನ್ನು ಹೋಲಿಸಿ. ಸಾಲಿನ ಕೊನೆಯ ಹೈಫನ್ ಒಂಟಿಯೋ ಜೋಡಿಯೋ, ಪ್ಯಾರಾ ಗುರುತಿನ ಆಕಾರ ಏನು, ಎರಡೆರಡು ಬಗೆಯ ಎಸ್ ಬೆರೆತಿವೆಯೇ ಎಂಬ ಸಣ್ಣ ಸಂಗತಿಗಳೇ ಕಡೆಗೆ ತೀರ್ಪು ಕೊಡುವುದು. ಈ ವಿಧಾನ 1470ರ ದಶಕದ ಪುಸ್ತಕಗಳಿಗೆ ಚೆನ್ನಾಗಿ ಹೊಂದುತ್ತದೆ, ಆಗ ಒಬ್ಬೊಬ್ಬ ಮುದ್ರಕನ ಮೊಳೆ ಬಹುಪಾಲು ಅವನದ್ದೇ. 1490ರ ಹೊತ್ತಿಗೆ ಮೊಳೆಗಳ ಕೊಡುಕೊಳ್ಳುವಿಕೆ ಬೆಳೆದು ಒಂದೇ ಬಗೆಯ ಮೊಳೆ ಹಲವು ಮುದ್ರಣಾಲಯಗಳಲ್ಲಿ ಕಾಣುತ್ತದೆ. ಆಗ ಮೊಳೆ ಒಂದನ್ನೇ ನಂಬಿ ಹೆಸರು ಬರೆಯುವುದು ದುಡುಕು.

ಈಗ ಜಿಡಬ್ಲ್ಯು ತೆರೆಯಿರಿ. ಕೃತಿ ಯಾವುದೆಂದು ತಿಳಿಯಲು ಒಳಗಿನ ಅಧ್ಯಾಯಗಳ ಶೀರ್ಷಿಕೆ ಸಾಕಾಗುತ್ತದೆ. ಒಂದೇ ಕೃತಿಯ ಹತ್ತಿಪ್ಪತ್ತು ಮುದ್ರಣಗಳಲ್ಲಿ ನಿಮ್ಮದು ಯಾವುದು ಎಂಬುದೇ ಕಷ್ಟ. ಪುಟದಿಂದ ಪುಟಕ್ಕೆ ಹಿಂದಿನ ಮುದ್ರಣವನ್ನೇ ಅನುಸರಿಸಿ ಮರುಜೋಡಣೆ ಮಾಡುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಹಾಳೆಗಳ ಲೆಕ್ಕ, ಸಾಲಿನ ಸಂಖ್ಯೆ ಎರಡೂ ಒಂದೇ ಆಗಬಹುದು. ಬೇರೆಯಾಗುವುದು ಸಾಲು ಮುರಿಯುವ ಜಾಗ ಮತ್ತು ಸಂಕ್ಷೇಪ ಚಿಹ್ನೆಗಳು. ಒಬ್ಬ ಜೋಡಣೆಗಾರ ಒಂದು ಪದವನ್ನು ಪೂರ್ತಿ ಬಿಡಿಸಿ ಇಟ್ಟರೆ, ಇನ್ನೊಬ್ಬ ಜಾಗ ಸಾಲದೆ ಮೇಲೊಂದು ಗೆರೆ ಎಳೆದು ಕಿರಿದು ಮಾಡುತ್ತಾನೆ. ಅದಕ್ಕೇ ಜಿಡಬ್ಲ್ಯು ಆಯ್ದ ಹಾಳೆಗಳ ಆರಂಭವನ್ನು ಸಂಕ್ಷೇಪಗಳ ಸಮೇತ, ಸಾಲಿನ ಕೊನೆ ಗುರುತಿಸಿ ಕೊಡುತ್ತದೆ. ಮೊದಲ ಹಾಳೆ ಇಲ್ಲದ ನೀವು ಎರಡನೆಯ ಹಾಳೆಯ ಮುಂಬದಿಯನ್ನು ಚಿಹ್ನೆ ಬಿಡದೆ ನಕಲು ಮಾಡಿಕೊಂಡು ಹೋಲಿಸಿ. ಅದರ ವಿವರಣೆ ಜಿಡಬ್ಲ್ಯುನಲ್ಲಿ ಇಲ್ಲದಿದ್ದರೆ ಡಿಜಿಟಲ್ ಪ್ರತಿಯ ಅದೇ ಪುಟ ನೋಡಿ. ಒಂದು ಪುಟ ಹೊಂದಿತೆಂದು ಮುಗಿಸಬೇಡಿ, ನಡುವೆ ಒಂದು, ಕೊನೆಗೊಂದು ನೋಡಿ. ಕೆಲಸದ ನಡುವೆ ಪ್ರತಿಗಳ ಸಂಖ್ಯೆ ಏರಿಸಲು ನಿರ್ಧರಿಸಿ, ಆಗಲೇ ಅಚ್ಚಾಗಿದ್ದ ಹಾಳೆಗಳನ್ನು ಮತ್ತೆ ಜೋಡಿಸಿದ ಉದಾಹರಣೆಗಳಿವೆ. ಗುಟೆನ್‌ಬರ್ಗ್ ಬೈಬಲ್ ಅದರಲ್ಲೊಂದು. ಅಲ್ಲಿ ಒಂದೇ ಮುದ್ರಣದ ಎರಡು ಪ್ರತಿಗಳೇ ಕೆಲವು ಪುಟಗಳಲ್ಲಿ ಹೊಂದುವುದಿಲ್ಲ.

ಕಾಲ ನಿರ್ಣಯಕ್ಕೆ ನೀರುಗುರುತು ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ಬ್ರಿಕೆ 1907ರಲ್ಲಿ ಪ್ರಕಟಿಸಿದ ನಾಲ್ಕು ಸಂಪುಟಗಳಲ್ಲಿ 1282ರಿಂದ 1600ರವರೆಗಿನ 16,112 ಗುರುತುಗಳ ರೇಖಾಚಿತ್ರವಿದೆ. ಪಿಕ್ಕಾರ್ಡ್ ಎತ್ತಿನ ತಲೆಯ ಗುರುತೊಂದಕ್ಕೇ ಮೂರು ಸಂಪುಟ ಕೊಟ್ಟರು, ಅವರ ಸಂಗ್ರಹವೂ ಆನ್‌ಲೈನ್‌ನಲ್ಲಿದೆ. ‘ಹೋಲುತ್ತದೆ’ ಎಂಬುದು ಇಲ್ಲಿ ಏನನ್ನೂ ಸಾಧಿಸುವುದಿಲ್ಲ. ಕಾಗದ ಎತ್ತುವವರು ಎರಡು ಜಾಲರಿಗಳನ್ನು ಜೋಡಿಯಾಗಿ ಬಳಸುತ್ತಿದ್ದರು, ಆದ್ದರಿಂದ ಪ್ರತಿ ಗುರುತಿಗೂ ಒಂದು ಅವಳಿ ಇರುತ್ತದೆ. ಸರಿಗೆ ಬಾಗಿದಂತೆ, ಹೊಲಿಗೆ ಸಡಿಲವಾದಂತೆ ಆಕಾರವೂ ಬದಲಾಗುತ್ತದೆ. ಎತ್ತರ, ಅಗಲ, ಪಕ್ಕದ ಗೆರೆಗಳಿಂದ ದೂರ ಎಲ್ಲವೂ ಕೂಡಿದರೆ ಮಾತ್ರ ಒಂದೇ ಜಾಲರಿ ಎನ್ನಬಹುದು. ಇಷ್ಟು ಹಟದಿಂದ ಮಾಡಿದರೆ ಫಲವೂ ದೊಡ್ಡದು: ಗುಟೆನ್‌ಬರ್ಗ್ ಬೈಬಲ್‌ಗಿಂತ ಹಳೆಯದು ಎಂದು ಹಲವರು ವಾದಿಸುತ್ತಿದ್ದ ‘ಮಿಸ್ಸಾಲೆ ಸ್ಪೆಸಿಯಾಲೆ’ ಎಂಬ ಪ್ರಾರ್ಥನಾ ಪುಸ್ತಕ 1473ರ ಸುಮಾರಿನದು ಎಂದು ಅಲನ್ ಸ್ಟೀವನ್‌ಸನ್ 1967ರಲ್ಲಿ ತೋರಿಸಿದ್ದು ಅದರ ಕಾಗದದಿಂದಲೇ.

ಇನ್ನು ಅಚ್ಚಾದ ತಾರೀಖೇ ಸಿಕ್ಕರೂ ಕಣ್ಣುಮುಚ್ಚಿ ಬರೆದುಕೊಳ್ಳುವಂತಿಲ್ಲ. ಆಕ್ಸ್‌ಫರ್ಡ್‌ನ ಮೊದಲ ಪುಸ್ತಕದ ಕೊನೆಯಲ್ಲಿ 1468 ಎಂದಿದೆ, ನಿಜವಾದದ್ದು 1478. ರೋಮನ್ ಅಂಕಿಯಲ್ಲಿ ಒಂದು ‘ಎಕ್ಸ್’ ಬಿಟ್ಟುಹೋಗಿದೆ. ಜೆನ್ಸನ್‌ನ ‘ಡೆಕೋರ್ ಪುಯೆಲ್ಲಾರುಂ’ನಲ್ಲಿ 1461 ಎಂದಿರುವುದೂ ಹಾಗೇ, ಅದು 1471. ವೆನಿಸ್‌ನ ವರ್ಷ ಮಾರ್ಚ್ 1ಕ್ಕೆ ಶುರುವಾಗುತ್ತಿತ್ತು, ಹಾಗಾಗಿ ಅಲ್ಲಿನ ‘ಫೆಬ್ರವರಿ 1495’ ನಮ್ಮ ಲೆಕ್ಕದ 1496 ಆಗಿರಬಹುದು.

ಐಎಸ್‌ಟಿಸಿಯಲ್ಲೂ ಜಿಡಬ್ಲ್ಯುನಲ್ಲೂ ಸಿಗದಿದ್ದರೆ ಹೊಸ ಶೋಧ ಎಂದು ಹಿಗ್ಗುವ ಮೊದಲು 1500ರ ನಂತರದ ಮುದ್ರಣಗಳ ಸೂಚಿಗಳನ್ನು ನೋಡಿ. ಇಟಲಿಗೆ ಎಡಿಟ್16, ಜರ್ಮನ್ ಪ್ರದೇಶಕ್ಕೆ ವಿಡಿ16, ಇಂಗ್ಲಿಷ್‌ಗೆ ಎಸ್‌ಟಿಸಿ, ಒಟ್ಟಾರೆ ಯುರೋಪಿಗೆ ಯುಎಸ್‌ಟಿಸಿ. ಗಾಥಿಕ್ ಮೊಳೆ ಕಂಡಮಾತ್ರಕ್ಕೆ 15ನೇ ಶತಮಾನ ಎಂದು ತೀರ್ಮಾನಿಸಿದ ಪುಸ್ತಕಗಳಲ್ಲಿ ಬಹಳಷ್ಟು 1510, 1520ರವು.

ರಟ್ಟಿನೊಳಗಿನ ಹಸ್ತಪ್ರತಿ ತುಂಡನ್ನು ಕೀಳಲು ಹೋಗಬೇಡಿ. ಅದು ಬೈಂಡು ಮಾಡಿದವನು ಹಳೆಯ ಪುಸ್ತಕ ಹರಿದು ಬಳಸಿಕೊಂಡ ರದ್ದಿ. ಬೈಂಡು ಆದ ಕಾಲಕ್ಕೆ ಅದು ಸಾಕ್ಷಿಯಾಗಬಲ್ಲದು, ಅಚ್ಚಾದ ಕಾಲಕ್ಕಲ್ಲ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಸಂಕ್ಷೇಪಗಳನ್ನು ಬಿಡಿಸಲು 1899ರಲ್ಲಿ ಮೊದಲು ಬಂದ ಕಪ್ಪೆಲ್ಲಿಯ ನಿಘಂಟು ಬೇಕು, ಸುಮಾರು 14,000 ಸಂಕ್ಷೇಪಗಳಿರುವ ಅದಕ್ಕೆ ಇಂದಿಗೂ ಪರ್ಯಾಯ ಇಲ್ಲ. ಲಿಪಿಯ ಕಾಲ, ಪ್ರದೇಶಕ್ಕೆ ಬಿಷಾಫ್‌ನ ಲಿಪಿಶಾಸ್ತ್ರ. 800ಕ್ಕಿಂತ ಹಿಂದಿನದು ಎನ್ನಿಸಿದರೆ ಮಾತ್ರ ಲೋ ಸಂಪಾದಿಸಿದ ‘ಕೊಡಿಚೆಸ್ ಲಟಿನಿ ಆಂಟಿಕ್ವಿಯೋರೆಸ್’ ಎಂಬ ಹಳೆಯ ಲ್ಯಾಟಿನ್ ಹಸ್ತಪ್ರತಿಗಳ ಸೂಚಿ. ಹೋಲುವ ತುಂಡುಗಳಿಗೆ ಸ್ವಿಟ್ಜರ್ಲೆಂಡಿನ ಫ್ರಿಬೂರ್ಗ್ ವಿಶ್ವವಿದ್ಯಾಲಯದ ದತ್ತಸಂಚಯ ಫ್ರಾಗ್ಮೆಂಟಾರಿಯುಂ. ಕೃತಿ ಪತ್ತೆಗೆ ಸಾಮಾನ್ಯ ಪದಗಳನ್ನು ಬಿಟ್ಟು, ಅಪರೂಪದ ಮೂರ್ನಾಲ್ಕು ಪದ ಒಟ್ಟಿಗೆ ಬರುವ ಸಾಲನ್ನು ಹುಡುಕಿ.

ಅಚ್ಚಿನ ಸಂಪುಟಗಳಲ್ಲಿ ಕೊಳ್ಳಲೇಬೇಕಾದವು ಕಡಿಮೆ. ಹೈನ್, ಕಾಪಿಂಗರ್, ಬ್ರಿಕೆ ಸ್ಕ್ಯಾನ್ ರೂಪದಲ್ಲೇ ಸಾಕು. ಕಪ್ಪೆಲ್ಲಿ ಮೇಜಿನ ಮೇಲಿರಬೇಕು. ಪುಸ್ತಕ ಹೇಗೆ ತಯಾರಾಗುತ್ತಿತ್ತು ಎಂದು ಕಲಿಯಲು 1972ರಲ್ಲಿ ಬಂದ ಗ್ಯಾಸ್ಕೆಲ್ ಅವರ ಪುಸ್ತಕ ಒಳ್ಳೆಯದು, ಆದರೆ ಅದರ ಹರವು ಮುಖ್ಯವಾಗಿ 1500ರ ನಂತರದ್ದು. 15ನೇ ಶತಮಾನಕ್ಕೆ ಹೇಬ್ಲರ್‌ನ ಕೈಪಿಡಿ, 1933ರಲ್ಲಿ ಇಂಗ್ಲಿಷಿಗೂ ಬಂದಿದೆ. 1949ರಲ್ಲಿ ಬಂದ ಬೌವರ್ಸ್ ಅವರ ಪುಸ್ತಕ ವಿವರಣೆಯ ಸೂತ್ರಗಳಿಗೆ ಕೊನೆಯ ಮಾತು, ನಿಜ. ಒಂದು ಪುಸ್ತಕದ ಸೂಚಿ ನಮೂದಿಗೆ ಅಷ್ಟು ದೂರ ಹೋಗಬೇಕಿಲ್ಲ. ಬಿಎಂಸಿಯ ಸಂಪುಟಗಳನ್ನು ಮಾತ್ರ ಸಾಧ್ಯವಾದರೆ ದೊಡ್ಡ ಗ್ರಂಥಾಲಯದಲ್ಲಿ ಕೂತು ನೋಡಿ, ಮುದ್ರಣಾಲಯಗಳ ಬಗ್ಗೆ ಅಲ್ಲಿರುವ ಪೀಠಿಕೆಗಳು ದತ್ತಸಂಚಯಗಳಲ್ಲಿ ಸಿಗುವುದಿಲ್ಲ.

ನಮೂದು ಬರೆಯುವಾಗ ಊರು, ಮುದ್ರಕ, ವರ್ಷ ನಿಮ್ಮ ಪ್ರತಿಯಲ್ಲೇ ಅಚ್ಚಾಗಿಲ್ಲವಾದ್ದರಿಂದ ಚೌಕ ಕಂಸದಲ್ಲಿ ಹಾಕಿ, ಯಾವ ಆಧಾರದ ಮೇಲೆ ಎಂದು ಒಂದು ಸಾಲು ಸೇರಿಸಿ: ‘ಮೊಳೆಯ ಅಳತೆ, ಎಂ ಆಕಾರ, ಎರಡನೆಯ ಹಾಳೆಯ ಸಾಲು ಮುರಿತ’ ಎಂದರೆ ಸಾಕು. ಜಿಡಬ್ಲ್ಯು, ಐಎಸ್‌ಟಿಸಿ ಸಂಖ್ಯೆ ಎರಡೂ ಇರಲಿ, ಉಳಿದವು ಅವುಗಳಿಂದಲೇ ಸಿಗುತ್ತವೆ. ನೀವೇ ತೆರೆದು ನೋಡದ ಸೂಚಿಯ ಸಂಖ್ಯೆ ಬರೆಯಬೇಡಿ. ಕಾಣೆಯಾದ ಹಾಳೆಗಳನ್ನು ಫಾರಂ ಗುರುತಿನಿಂದಲೇ ಹೆಸರಿಸಿ. ಏನೂ ಹೊಂದದಿದ್ದರೆ ಜಿಡಬ್ಲ್ಯು ಸಂಪಾದಕರಿಗೆ ಬರೆಯಬಹುದು. ಎರಡನೆಯ ಹಾಳೆಯ ಮುಂಬದಿ, ನಡುವಿನ ಒಂದು ಪೂರ್ಣ ಪುಟ, ಉಳಿದಿರುವ ಕೊನೆಯ ಪುಟ, ಹೀಗೆ ಮೂರು ಫೋಟೊ ಕಳಿಸಿ. ಮೂರರಲ್ಲೂ ಪಠ್ಯದ ಪಕ್ಕ ಮಿಲಿಮೀಟರ್ ಸ್ಕೇಲು ಕಾಣುವಂತಿರಲಿ.